ಸೀಸೆಗೆ ತಾಗಿದ ದೃಷ್ಟಿ

ಈ ವೃತ್ತಾಂತವನ್ನು ಮೊದಲು ಹೇಳಿದವರು ಔಷಧ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಹಾ ಕಾಯಿಸುವ ಹಿರಿಯರು. ಹೇಳಿದ್ದು ಕಳೆದ ಚಳಿಗಾಲದಲ್ಲಿ, ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಹಿಡಿಯುವ ನಡುವಿನ ಬಿಡುವಿನಲ್ಲಿ. ಆಮೇಲೆ ಅದನ್ನೇ ಲೇಬಲ್ ಅಂಟಿಸುವವರು ಒಂದು ರೀತಿ ಹೇಳಿದರು, ಲಾರಿ ತುಂಬುವವರು ಇನ್ನೊಂದು ರೀತಿ. ಲಾರಿಯವರ ಪಾಠದಲ್ಲಿ ಕಥಾನಾಯಕಿ ಕಚೇರಿಯ ಕಂಪ್ಯೂಟರ್ ಪರದೆಯನ್ನು ಸ್ಪ್ಯಾನರಿನಿಂದ ಒಡೆಯುತ್ತಾರೆ. ಹಾಗೇನೂ ನಡೆದಿಲ್ಲವೆಂದು ಆಕೆಯೇ ಹೇಳಿದ ಮೇಲೂ ಅವರು ತಮ್ಮ ಪಾಠವನ್ನು ಬಿಟ್ಟುಕೊಟ್ಟಿಲ್ಲ. ಇಲ್ಲಿರುವುದು ಚಹಾದವರ ಪಾಠ. ಆಕೆಯ ಬಾಯಿಂದಲೂ ಆಕೆಯ ನಾದಿನಿಯ ಬಾಯಿಂದಲೂ ಕೇಳಿ ತಿದ್ದಿದ್ದು.

ಬೆಳಕು ಹರಿಯುವ ಹೊತ್ತಿಗೆ ಅತ್ತಿಗೆ, ಸೀಸೆಗೆ ಔಷಧ ತುಂಬುವ ಸಾಲಿನ ಪಕ್ಕದಲ್ಲಿರುವ ಕಬ್ಬಿಣದ ಬೀರುವಿನ ಬಾಗಿಲು ತೆಗೆಯುತ್ತಾರೆ. ಬೀರು ಅವರಿಗಿಂತ ಎತ್ತರ. ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಒಳಗಿನ ಫ್ಯಾನಿನ ಜಾಲರಿಗೆ ಅಂಟಿದ ಧೂಳನ್ನು ಹಳೆಯ ಕುಂಚವೊಂದರಿಂದ ಗುಡಿಸುತ್ತಾರೆ. ಧೂಳು ಸಿಹಿಯಾಗಿದೆ. ಇಲ್ಲಿ ತುಂಬುವುದು ಮಕ್ಕಳ ಕೆಮ್ಮಿನ ಔಷಧ; ಸಕ್ಕರೆ ಪಾಕದ ಆವಿ ಗೋಡೆಗೆ, ತಂತಿಗೆ, ಕಣ್ಣಿನ ರೆಪ್ಪೆಗೆ, ಎಲ್ಲಕ್ಕೂ ತೆಳ್ಳಗೆ ಅಂಟುತ್ತದೆ. ಬೀರುವಿನ ನಡುವೆ ಒಂದು ಬೂದು ಪೆಟ್ಟಿಗೆ ಕೂತಿದೆ. ಅದರ ಮೈಮೇಲೆ ಸಾಸಿವೆಗಾತ್ರದ ಹಸಿರು ದೀಪಗಳು ಹೊತ್ತಿ ಆರುತ್ತಿವೆ. ಅತ್ತಿಗೆ ಅದರ ಪಕ್ಕಕ್ಕೆ ಅಂಗೈ ಒತ್ತಿ ಬಿಸಿ ನೋಡುತ್ತಾರೆ. ಆಕಳಿಕೆಯನ್ನು ತೋಳಿನಲ್ಲಿ ಮುಚ್ಚಿಕೊಳ್ಳುತ್ತಾರೆ.

"ಇನ್ನೂ ಬದುಕಿದೆಯಾ ಅತ್ತಿಗೆ?" ಸೀಸೆ ತೊಳೆಯುವ ವಿಭಾಗದವನು ದಾಟಿಹೋಗುತ್ತ ಕೇಳುತ್ತಾನೆ.

"ಅದಕ್ಕೇನು ದಾಡಿ? ಗಟ್ಟಿ ಪಿಂಡ. ಸಾಯ್ತಾ ಇರೋದು ನಾನು."

ಅವರು ಯಾರ ಅತ್ತಿಗೆ? ನಿಜಕ್ಕೂ ಒಬ್ಬಳಿಗೆ ಮಾತ್ರ. ಗಂಡನ ತಂಗಿ ಅದೇ ಸಾಲಿನ ತುದಿಯಲ್ಲಿ ಸೀಸೆಗಳನ್ನು ರಟ್ಟಿನ ಡಬ್ಬಕ್ಕೆ ಜೋಡಿಸುವ ಕೆಲಸದಲ್ಲಿದ್ದಾಳೆ. ಬೆಲ್ಟಿನ ಗದ್ದಲವನ್ನು ಮೀರಿಸಿ ಅವಳು "ಅತ್ತಿಗೇ!" ಎಂದು ಕೂಗಿ ಕೂಗಿ, ಆ ಕೂಗೇ ಹೆಸರಾಗಿ ನಿಂತಿತು. ಈಗ ವಯಸ್ಸಿನಲ್ಲಿ ದೊಡ್ಡವರಾದ ಬಾಯ್ಲರಿನವರೂ ಅತ್ತಿಗೆ ಎನ್ನುತ್ತಾರೆ, ಮ್ಯಾನೇಜರರೂ ಅತ್ತಿಗೆ ಎನ್ನುತ್ತಾರೆ. "ಇಷ್ಟು ಜನ ಮೈದುನಂದಿರನ್ನ ಹೆತ್ತ ನಮ್ಮತ್ತೆಗೆ ಕೈ ಮುಗೀಬೇಕು" ಎಂದು ಅವರೇ ನಗುತ್ತಾರೆ. ಆದರೆ ಮೈದುನಂದಿರಲ್ಲಿ ಹೆಚ್ಚಿನವರಿಗೆ ಅತ್ತಿಗೆಯ ಕೆಲಸ ಏನೆಂಬುದು ಗೊತ್ತಿಲ್ಲ. ಸಾಲು ಓಡುತ್ತಿದ್ದರೆ ಅವರು ಸುಮ್ಮನೆ ಕೂತಿರುವಂತೆ ಕಾಣುತ್ತದೆ. ನಿಂತಾಗ ಮಾತ್ರ ಎಲ್ಲರ ಬಾಯಲ್ಲೂ ಅವರೇ. ಎಲೆಮರೆಯ ಕಾಯಿ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕೆನಿಸುತ್ತದೆ: ಎಲೆಮರೆಯ ಈ ಕಾಯಿಗೆ ಕಲ್ಲು ಮಾತ್ರ ತಪ್ಪದೆ ಬೀಳುತ್ತದೆ.

ಅವರು ಸೇರಿದ್ದು ವೈರಿಂಗ್ ಸಹಾಯಕಿಯಾಗಿ. ತಂತಿಯ ತುದಿ ಸುಲಿಯುವುದು, ನಂಬರಿನ ಉಂಗುರ ತೊಡಿಸುವುದು, ಸ್ಕ್ರೂ ಬಿಗಿ ಮಾಡುವುದು. ಪೆಟ್ಟಿಗೆಯ ವಿದ್ಯೆ ಕಲಿಸಿದವರು ಆಗಿನ ಮೇಸ್ತ್ರಿ. ಅವರು ಕೆಲಸ ಬಿಟ್ಟು ಹೋದಾಗ ಪೆಟ್ಟಿಗೆ ಅತ್ತಿಗೆಯ ಕೊರಳಿಗೆ ಬಿತ್ತು. ಪಿ.ಎಲ್.ಸಿ. ಎಂದು ಹೊರಗಿನವರು ಕರೆಯುವ ಅದೇ ಇಡೀ ಸಾಲಿನ ಯಜಮಾನ. ಬೆಲ್ಟು ಯಾವಾಗ ಓಡಬೇಕು, ಔಷಧದ ನಳಿಗೆ ಯಾವಾಗ ತೆರೆಯಬೇಕು, ಮುಚ್ಚಳವಿಲ್ಲದ ಸೀಸೆಯನ್ನು ಯಾವಾಗ ಪಕ್ಕಕ್ಕೆ ತಳ್ಳಬೇಕು ಎಂಬುದೆಲ್ಲ ಅದರ ಅಪ್ಪಣೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಅತ್ತಿಗೆ ಪುಸ್ತಕದ ಮಾತು ಆಡುವುದಿಲ್ಲ.

"ಊರಲ್ಲಿರೋ ನಮ್ಮತ್ತೆ ಇದ್ದ ಹಾಗೆ ಅಂದ್ಕೊಳ್ಳಿ. ಮೊದಲು ಮನೆಯಲ್ಲೆಲ್ಲಾ ಒಂದು ಸಲ ಕಣ್ಣಾಡಿಸಿಬಿಡ್ತಾರೆ. ಒಲೆ ಉರೀತಿದೆಯಾ, ಬಾಗಿಲು ಹಾಕಿದೆಯಾ, ಅಡುಗೆಮನೇಲಿ ಯಾರಿದ್ದಾರೆ. ನೋಡಿದ್ದನ್ನ ತಲೇಲಿಟ್ಕೊಂಡು ಕೂತ್ಕೋತಾರೆ. ಆಮೇಲೆ ಮೊದಲಿಂದ ಕೊನೇ ತನಕ ಒಂದೊಂದೇ ಯೋಚನೆ ಮಾಡ್ತಾರೆ. ಅದು ಮುಗಿದ ಮೇಲೆ ಎಲ್ಲಾ ಹುಕುಂ ಒಟ್ಟಿಗೇ. ತಿರುಗಾ ಎದ್ದು ಕಣ್ಣಾಡಿಸೋದು. ಇದೇ ಒಂದು ಸುತ್ತು. ಯೋಚನೆ ಮಾಡೋ ಹೊತ್ತಲ್ಲಿ ಬೆಕ್ಕು ಬಂದು ಹಾಲು ಕುಡ್ಕೊಂಡು ಹೋಯ್ತು ಅನ್ನಿ, ಅವರ ಪಾಲಿಗೆ ಬೆಕ್ಕು ಬಂದೇ ಇಲ್ಲ."

"ಕಣ್ಣು ಮುಚ್ಕೊಂಡು ಹಾಲು ಕುಡಿಯೋದು ಬೆಕ್ಕಲ್ವಾ ಅತ್ತಿಗೆ?" ಚಹಾದವರು ನಡುವೆ ಬಾಯಿ ಹಾಕುತ್ತಾರೆ.

"ಇಲ್ಲಿ ಕಣ್ಣು ಮುಚ್ಚೋದು ಅತ್ತೆ."

ಪೆಟ್ಟಿಗೆಯ ಒಂದು ಸುತ್ತು ಮುಗಿಯಲು ಹಿಡಿಯುವ ಕಾಲ ಸಾಮಾನ್ಯವಾಗಿ ಹನ್ನೆರಡು ಮಿಲಿಸೆಕೆಂಡು. ಎಂದರೆ ಸೆಕೆಂಡನ್ನು ಸಾವಿರ ಪಾಲು ಮಾಡಿ ಅದರಲ್ಲಿ ಹನ್ನೆರಡು ಪಾಲು. ಮನುಷ್ಯ ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹತ್ತು ಸಲ ಮನೆಯೆಲ್ಲ ಸುತ್ತಿ ಬಂದಿರುತ್ತದೆ. ಅದರ ಆಲೋಚನೆಯನ್ನು ಬರೆಯುವುದು ಏಣಿಯ ರೂಪದಲ್ಲಿ: ಎಡಕ್ಕೊಂದು ಬಲಕ್ಕೊಂದು ಕಂಬ, ನಡುವೆ ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಿಗೂ ಒಂದೊಂದು ತೀರ್ಮಾನ. ಪೆಟ್ಟಿಗೆ ಪ್ರತಿ ಸುತ್ತಿನಲ್ಲೂ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲನ್ನು ಓದುತ್ತ ಬರುತ್ತದೆ. "ಇದು ಹತ್ತೋ ಏಣಿ ಅಲ್ಲ, ಬರೀ ಇಳಿಯೋ ಏಣಿ" ಎನ್ನುತ್ತಾರೆ ಅತ್ತಿಗೆ. ಏಣಿ ಉದ್ದವಾದಷ್ಟೂ ಇಳಿಯುವ ಹೊತ್ತು ಹೆಚ್ಚು. ಆ ಹೊತ್ತು ಹೆಚ್ಚಾದಷ್ಟೂ ಎರಡು ನೋಟಗಳ ನಡುವಿನ ಕುರುಡು ಹೆಚ್ಚು.

ಈ ಕಾರ್ಖಾನೆಯಲ್ಲಿ ಬಹುಕಾಲದಿಂದ ಒಂದು ರೂಢಿ ನಡೆದುಬಂದಿದೆ. ತೊಂದರೆ ಬಂದಾಗ ಏಣಿಗೆ ಮೆಟ್ಟಿಲು ಸೇರಿಸುತ್ತಾರೆ. ಯಾರೂ ಯಾವುದನ್ನೂ ಕೀಳುವುದಿಲ್ಲ. ಕಿತ್ತ ಮೇಲೆ ಏನಾದರೂ ನಿಂತರೆ ಕಿತ್ತವರ ತಲೆಗೆ ಬರುತ್ತದೆ. ಮೇಸ್ತ್ರಿಯ ಕಾಲದಲ್ಲೇ ಗುಜರಿಗೆ ಹೋದ ಗಾಳಿಯಂತ್ರವೊಂದನ್ನು ಪೆಟ್ಟಿಗೆ ಆಗಲೂ ಸುತ್ತು ಸುತ್ತಿಗೂ ವಿಚಾರಿಸುತ್ತಿತ್ತು. "ಸತ್ತವರಿಗೂ ಎಲೆ ಹಾಕೋ ಮನೆ" ಎಂದು ಅತ್ತಿಗೆ ಹೇಳುತ್ತಿದ್ದರು. ಹೇಳುತ್ತಿದ್ದರು, ಮುಟ್ಟುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಬೆಲ್ಟಿನ ವೇಗ ಹೆಚ್ಚಿಸಿದ ಮೇಲೆ. ಅದೇ ವಾರ ಪಾಳಿಯ ಮೇಲ್ವಿಚಾರಕರು ತಮ್ಮ ಕೋಣೆಯ ಪರದೆಯಲ್ಲಿ ಸಾಲಿನ ಎಲ್ಲ ಲೆಕ್ಕವೂ ಕಾಣಬೇಕೆಂದು ಕೇಳಿದರು. ಅತ್ತಿಗೆ ಅದಕ್ಕೆ ಬೇಕಾದ ಮೆಟ್ಟಿಲುಗಳನ್ನು ಸೇರಿಸಿಕೊಟ್ಟರು. ಮೇಲ್ವಿಚಾರಕರಿಗೆ ಕೆಲಸಗಾರರು ಇಟ್ಟ ಹೆಸರು ದುರ್ಬೀನು. ಕೆಟ್ಟವರಲ್ಲ. ಮೇಲಿನವರ ಮಾತು ಕೇಳಿ ಕೇಳಿ ಹಣ್ಣಾದವರು, ಕೂತ ಕುರ್ಚಿಯಲ್ಲೇ ಕಣ್ಣು ಕೆಂಪಾಗಿಸಿಕೊಂಡವರು.

ಅದಾದ ಮೇಲೆ ಬೋಳುಗಳು ಬರತೊಡಗಿದವು. ಮುಚ್ಚಳವಿಲ್ಲದ ಸೀಸೆಗೆ ಇಲ್ಲಿನ ಮಾತು ಬೋಳು. ಮುಚ್ಚಳ ತಿರುಗಿಸುವ ಯಂತ್ರ ಎಲ್ಲೋ ಒಂದನ್ನು ಬಿಟ್ಟುಬಿಡುವುದು ಹೊಸದಲ್ಲ. ಅದಕ್ಕಾಗಿಯೇ ಮುಂದೆ ಒಂದು ಸೆನ್ಸರ್ ಸೀಸೆಯ ಕುತ್ತಿಗೆ ಹಾದುಹೋಗುವುದನ್ನು ಕಾಣುತ್ತದೆ, ಇನ್ನೊಂದು ಮುಚ್ಚಳವಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಚಿಕ್ಕ ತೋಳೊಂದು ಸೀಸೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಈಗ ಆ ತೋಳು ಬಿಟ್ಟ ಬೋಳುಗಳು ನಾದಿನಿಯ ಕೈಗೇ ಬರುತ್ತಿದ್ದವು. ಕೆಲವನ್ನು ಅವಳು ಹಿಡಿದಳು. ಕೈತಪ್ಪಿದ ಒಂದು ಸೀಸೆ ಡಬ್ಬದೊಳಗೆ ಸೇರಿ, ದೂರದ ಅಂಗಡಿಯಲ್ಲಿ ಪಾಕವೆಲ್ಲ ಸೋರಿ, ದೂರು ಬಂತು. ಮತ್ತೊಂದೂ ಬಂತು.

ದುರ್ಬೀನಿನ ತರ್ಕ ನೇರವಾಗಿತ್ತು. ತೋಳು ತಳ್ಳಿದವನ್ನು ಬಿಟ್ಟರೆ ಮುಚ್ಚಳವಿಲ್ಲದ ಸೀಸೆ ತನ್ನ ಮುಂದೆ ಬಂದೇ ಇಲ್ಲ ಎನ್ನುತ್ತಿದೆ ಪೆಟ್ಟಿಗೆ. ಹಾಗಾದರೆ ಮುಚ್ಚಳ ಕಳಚಿದ್ದು ಡಬ್ಬಕ್ಕೆ ತುಂಬುವವಳ ಒರಟು ಕೈಯಲ್ಲಿ.

"ಎರಡಾಯ್ತಮ್ಮ. ಇನ್ನೊಂದು ದೂರು ಬಂದ್ರೆ ನಿನ್ನನ್ನ ಉಳಿಸ್ಕೊಳ್ಳೋದು ನನ್ನ ಕೈಲಾಗಲ್ಲ" ಎಂದು ಅವರು ನಾದಿನಿಯನ್ನು ಕರೆದು ಹೇಳಿದರು. ಅಂದಿನಿಂದ ಊಟದ ಹೊತ್ತಿನಲ್ಲಲ್ಲದೆ ಪರದೆಯ ಮುಂದಿಂದ ಏಳುವುದನ್ನೇ ಬಿಟ್ಟರು. ಬೋಳುಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು.

ಮನೆಯಲ್ಲಿ ಇದಕ್ಕೊಂದು ಬೇರೆ ಅಧ್ಯಾಯ. ಇರುವುದು ಎರಡು ಕೋಣೆ, ಒಂದು ಒಲೆ, ಮೂವರು. ನಾದಿನಿ ಅತ್ತಿಗೆಯೊಡನೆ ಮಾತು ಬಿಟ್ಟಳು. ಒಲೆಯ ಮುಂದೆ ನಿಂತವಳು ಮಗ್ಗುಲಲ್ಲೇ ಇದ್ದ ಅತ್ತಿಗೆಯನ್ನು ಬಿಟ್ಟು ಆಚೆ ಕೋಣೆಯಲ್ಲಿದ್ದ ಅಣ್ಣನಿಗೆ ಹೇಳುತ್ತಿದ್ದಳು: "ಅಣ್ಣಾ, ಚಹಾ ಆಗಿದೆ ಅಂತ ಹೇಳು." ಟೈರಿನ ಅಂಗಡಿಯಲ್ಲಿ ದಿನವಿಡೀ ಪಂಕ್ಚರ್ ಹಾಕಿ ಸೋತ ಆ ಮನುಷ್ಯ ಅಲ್ಲಿಂದಲೇ, "ಚಹಾ ಆಗಿದೆಯಂತೆ" ಎನ್ನುತ್ತಿದ್ದರು. ಅತ್ತಿಗೆ, "ಕುಡೀತೀನಿ ಅಂತ ಹೇಳಿ" ಎನ್ನುತ್ತಿದ್ದರು. ಅವರು, "ಕುಡೀತಾಳಂತೆ" ಎನ್ನುತ್ತಿದ್ದರು.

ಅತ್ತಿಗೆಯ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ್ದು. ನಾದಿನಿಯ ಪರ ಮಾತಾಡಿದರೆ ಕಾರ್ಖಾನೆಯಲ್ಲಿ ಮನೆಯವಳ ಪಕ್ಷಪಾತ. ಆಡದಿದ್ದರೆ ಮನೆಯಲ್ಲಿ ಪೆಟ್ಟಿಗೆಯ ಪಕ್ಷಪಾತ. ಸೆನ್ಸರುಗಳನ್ನು ಒರೆಸಿದರು, ತಂತಿ ಬದಲಿಸಿದರು, ತೋಳಿಗೆ ಎಣ್ಣೆ ಬಿಟ್ಟರು. ಪಾಳಿ ಮುಗಿದ ಮೇಲೂ ಸಾಲಿನ ಪಕ್ಕ ನಿಂತು ಹಾದುಹೋಗುವ ಕುತ್ತಿಗೆಗಳನ್ನು ನೋಡುತ್ತಿದ್ದರು. ಮನೆಗೆ ಬಂದು ಕಣ್ಣು ಮುಚ್ಚಿದರೆ ಅವೇ ಕುತ್ತಿಗೆಗಳು ಸಾಲಾಗಿ ಹೋಗುತ್ತಿದ್ದವು.

ಕೊನೆಗೆ ಮೌನ ಮುರಿದವಳು ನಾದಿನಿ. ಒಂದು ಬೆಳಿಗ್ಗೆ, ಚಪ್ಪಲಿ ಮೆಟ್ಟುತ್ತ, ಅಣ್ಣನ ಮಧ್ಯಸ್ಥಿಕೆಯಿಲ್ಲದೆ.

"ನಿಮ್ಮ ಪೆಟ್ಟಿಗೆ ನನ್ನ ಮೇಲೆ ಚಾಡಿ ಹೇಳ್ತಿದೆ, ಅತ್ತಿಗೆ."

"ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ ಕಣೆ."

"ಹಾಗಾದ್ರೆ ಸುಳ್ಳಿ ನಾನು?"

ನಾದಿನಿ ಬಾಗಿಲು ದಾಟಿದವಳು ತಿರುಗಿ ನಿಂತು ಇನ್ನೊಂದು ಬಾಣ ಬಿಟ್ಟಳು: "ಆ ದುರ್ಬೀನು ಪರದೆ ಮುಂದೆ ಕೂತಾಗಲೇ ಬೋಳು ಬರೋದು. ಅವರು ಪರದೆ ಮುಚ್ಚಿ ಊಟಕ್ಕೆ ಎದ್ದು ಹೋದ್ರೆ ಒಂದೂ ಇಲ್ಲ, ಬೇಕಾದ್ರೆ ನೋಡಿ. ಬಾಟ್ಲಿಗೂ ದೃಷ್ಟಿ ತಾಗತ್ತೆ ಅಂತ ಕಾಣತ್ತೆ!"

ಅದು ಕುಟುಕಲೆಂದೇ ಆಡಿದ ಮಾತು. ಅತ್ತಿಗೆ ಕುಟುಕಿಸಿಕೊಂಡರು ಕೂಡ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು. ದೃಷ್ಟಿ. ಯಾರ ದೃಷ್ಟಿ? ದುರ್ಬೀನು ಪರದೆ ತೆರೆದರೆ ಪರದೆಯು ಪೆಟ್ಟಿಗೆಯನ್ನು ಲೆಕ್ಕ ಕೇಳುತ್ತದೆ. ಕೇಳಿದಾಗಲೆಲ್ಲ ಪೆಟ್ಟಿಗೆ, ಅತ್ತಿಗೆಯೇ ಬರೆದ ಹೊಸ ಮೆಟ್ಟಿಲುಗಳನ್ನು ಇಳಿದು, ಇಡೀ ದಿನದ ಲೆಕ್ಕವನ್ನು ಒಂದೇ ಸುತ್ತಿನಲ್ಲಿ ನಕಲು ಮಾಡಿಕೊಡುತ್ತದೆ. ಕೇಳದಿದ್ದಾಗ ಆ ಮೆಟ್ಟಿಲುಗಳನ್ನು ಹಾರಿಸಿಬಿಡುತ್ತದೆ. ಹಾಗಾದರೆ ಪರದೆ ತೆರೆದಿರುವಾಗ ಕೆಲವು ಸುತ್ತುಗಳು ಎಷ್ಟು ಉದ್ದ? ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಅತ್ತಿಗೆ ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದರು.

"ಸರ್, ಸ್ವಲ್ಪ ಹೊತ್ತು ಪರದೆ ಮುಚ್ತೀರಾ?"

ದುರ್ಬೀನು ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಮುಚ್ಚಿದ್ರೆ ನಿಮ್ಮ ನಾದಿನಿಗೆ ಅನುಕೂಲ."

"ಅವಳಿಗೆ ಅನುಕೂಲವೋ ನನಗೆ ಅನಾನುಕೂಲವೋ, ನನಗೂ ಗೊತ್ತಿಲ್ಲ ಸರ್. ನೀವೇ ಬಂದು ಬೀರು ಪಕ್ಕದಲ್ಲಿ ಕೂತ್ಕೊಳ್ಳಿ."

ತನ್ನ ಸುತ್ತುಗಳಲ್ಲಿ ಅತಿ ದೀರ್ಘವಾದದ್ದು ಯಾವುದೆಂದು ಪೆಟ್ಟಿಗೆ ತಾನೇ ನೆನಪಿಟ್ಟುಕೊಂಡಿರುತ್ತದೆ. ಅತ್ತಿಗೆ ತಮ್ಮ ಲ್ಯಾಪ್‌ಟಾಪನ್ನು ಬೀರುವಿನೊಳಗಿನ ಪೆಟ್ಟಿಗೆಗೆ ಜೋಡಿಸಿ ಆ ನೆನಪನ್ನು ಅಳಿಸಿದರು. ಪರದೆ ಮುಚ್ಚಿದ್ದಾಗ ಅಂಕಿ ಹನ್ನೆರಡರ ಆಸುಪಾಸಿನಲ್ಲೇ ಕೂತಿತ್ತು. ಅವರು ಸನ್ನೆ ಮಾಡಿದರು, ಲೇಬಲಿನವನೊಬ್ಬ ಓಡಿಹೋಗಿ ಕಚೇರಿಯ ಪರದೆ ತೆರೆದ. ಅಂಕಿ ಒಂದೇ ನೆಗೆತಕ್ಕೆ ನಲವತ್ತನ್ನು ದಾಟಿತು. ವೇಗ ಹೆಚ್ಚಿದ ಬೆಲ್ಟಿನ ಮೇಲೆ ಸೀಸೆಯ ಕುತ್ತಿಗೆ ಸೆನ್ಸರಿನ ಮುಂದೆ ಇರುವುದು ಸುಮಾರು ಮೂವತ್ತು ಮಿಲಿಸೆಕೆಂಡು. ಅಂಥದೊಂದು ಉದ್ದ ಸುತ್ತಿನ ನಡುವೆ ಕುತ್ತಿಗೆ ಬಂದು ಹೋದರೆ, ಪೆಟ್ಟಿಗೆಯ ಪಾಲಿಗೆ ಆ ಸೀಸೆ ಹುಟ್ಟೇ ಇಲ್ಲ. ಮುಚ್ಚಳವಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲದಿದ್ದರೆ ಅದೇ ಬೋಳು.

ಸುತ್ತು ಮಿತಿಮೀರಿದರೆ ಸಾಲನ್ನೇ ನಿಲ್ಲಿಸುವ ಕಾವಲೊಂದು ಪೆಟ್ಟಿಗೆಯೊಳಗೇ ಉಂಟು. ಅದರ ಮಿತಿಯನ್ನು ಎಂದೋ ಯಾರೋ ಧಾರಾಳವಾಗಿ ಇಟ್ಟಿದ್ದರು. ನಲವತ್ತಕ್ಕೆಲ್ಲ ಅದು ಏಳುವುದಿಲ್ಲ. ಅಪಾಯದ ಕೆಂಪು ಗುಂಡಿಗೆ ಬೇರೆಯೇ ತಂತಿ ಇರುವುದರಿಂದ ಅದು ಸುತ್ತು ಮುಗಿಯಲೆಂದು ಕಾಯುವುದಿಲ್ಲ, ಅಷ್ಟೇ ಪುಣ್ಯ.

ದುರ್ಬೀನು ಆ ಅಂಕಿಯ ಮೇಲೆ ಬೆರಳಿಟ್ಟರು. "ಅಂದ್ರೆ, ನಾನು ನೋಡ್ತಾ ಕೂತಿದ್ದಕ್ಕೇ...?"

"ನೀವು ನೋಡಿದ್ದಕ್ಕಲ್ಲ ಸರ್. ನಿಮಗೆ ತೋರಿಸೋಕೆ ನಾನು ಬರೆದೆನಲ್ಲ, ಅದಕ್ಕೆ."

"ನಾನೇ ತಾನೇ ಬರೀರಿ ಅಂದಿದ್ದು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆ ಹುಡುಗಿಗೆ ಏನಂತ ಹೇಳ್ಲಿ ಈಗ?"

ಮಧ್ಯಾಹ್ನ ನಳಿಗೆ ತೊಳೆಯುವ ಹೊತ್ತಿನಲ್ಲಿ ಸಾಲು ನಿಂತಿರುತ್ತದೆ. ಆಗ ಏಣಿ ಮುಟ್ಟಲು ಮ್ಯಾನೇಜರರ ಒಪ್ಪಿಗೆ ಸಿಕ್ಕಿತು. ದಿನದ ಲೆಕ್ಕವನ್ನು ಒಂದೇ ಸುತ್ತಿನ ಬೆನ್ನಿಗೆ ಹೇರದೆ, ಸುತ್ತಿಗೊಂದು ಹಿಡಿಯಂತೆ ಹಂಚಿಕೊಡುವ ಹಾಗೆ ಅತ್ತಿಗೆ ಬರೆದರು. ಕಚೇರಿಯ ಪರದೆಗೆ ಲೆಕ್ಕ ಅರೆಗಳಿಗೆ ತಡವಾಗಿ ಬರುತ್ತದೆ. ಅದರಿಂದ ಯಾರ ಗಂಟೂ ಹೋಗುವುದಿಲ್ಲ. ಆಮೇಲೆ, ಸೇರಿದಂದಿನಿಂದ ಮಾಡದ ಕೆಲಸಕ್ಕೆ ಕೈ ಹಾಕಿದರು: ಸತ್ತ ಮೆಟ್ಟಿಲುಗಳನ್ನು ಕಿತ್ತರು. ಗುಜರಿಗೆ ಹೋದ ಗಾಳಿಯಂತ್ರದ್ದು, ಬಿಚ್ಚಿಟ್ಟ ಪಂಪಿನದು, ಮೇಸ್ತ್ರಿ ಯಾವುದೋ ಆತುರದಲ್ಲಿ ಬರೆದು ಮರೆತದ್ದು.

ಎಲ್ಲ ನೆಟ್ಟಗೆ ನಡೆಯಿತೆಂದು ಲಾರಿಯವರ ಪಾಠ ಹೇಳುತ್ತದೆ. ನಡೆಯಲಿಲ್ಲ. ಸಾಲು ಓಡಿದ ಸ್ವಲ್ಪ ಹೊತ್ತಿಗೆ ಲೇಬಲಿನವರು ಬೊಬ್ಬೆ ಹಾಕಿದರು: "ಅತ್ತಿಗೇ, ಗೋಂದು ಕಲ್ಲಾಯ್ತು!" ತಲೆಬುಡ ತಿಳಿಯದೆ ಕಿತ್ತೆಸೆದ ಮೇಸ್ತ್ರಿಯ ಮೆಟ್ಟಿಲೊಂದು ಗೋಂದಿನ ಹೀಟರನ್ನು ಕಾಯುತ್ತಿತ್ತು. ಸೀಸೆಗಳೆಲ್ಲ ಲೇಬಲನ್ನು ಅರ್ಧ ಹೊದ್ದು ಹೊರಟಿದ್ದವು. ಅತ್ತಿಗೆ ಬೈಸಿಕೊಳ್ಳುತ್ತಲೇ ಅದನ್ನು ಹಿಂದಕ್ಕೆ ಹಾಕಿದರು. ಯಾರೂ ಯಾಕೆ ಏನನ್ನೂ ಕೀಳುವುದಿಲ್ಲ ಎಂಬುದು ಅಂದು ಚೆನ್ನಾಗಿ ಮನವರಿಕೆಯಾಯಿತೆಂದು ಅವರೇ ಹೇಳುತ್ತಾರೆ.

ಮರುದಿನದಿಂದ ದುರ್ಬೀನು ಬೇಕೆಂದೇ ಇಡೀ ಪಾಳಿ ಪರದೆ ತೆರೆದಿಟ್ಟರು. ಬೋಳುಗಳನ್ನೆಲ್ಲ ತೋಳೇ ತಳ್ಳಿತು. ನಾದಿನಿಯ ಕೈಗೆ ಒಂದೂ ಬರಲಿಲ್ಲ. ಆ ವಾರವೂ ಬರಲಿಲ್ಲ, ಮುಂದಿನ ವಾರವೂ. ಮೇಲಿನವರಿಗೆ ದುರ್ಬೀನು ತಾವೇ ಹೋಗಿ ವಿವರಿಸಿದರು. ಆದರೆ ಅವಳನ್ನು ಕರೆದು ಹೇಳಿದ್ದು ಇಷ್ಟೇ: "ಯಂತ್ರದ ತೊಂದರೆ ಇತ್ತು. ಸರಿ ಹೋಗಿದೆ. ನೀನು ಎಂದಿನ ಹಾಗೆ ಬಾ." ಕ್ಷಮೆಯ ಮಾತು ಅವರ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋದದ್ದನ್ನು ತಾನು ಕಣ್ಣಾರೆ ಕಂಡೆ ಎನ್ನುತ್ತಾಳೆ ನಾದಿನಿ. ಅವಳು ತಲೆಯಾಡಿಸಿ ಹೊರಬಂದಳು. ಬೀರುವಿನ ಮುಂದೆ ಕ್ರೇಟಿನ ಮೇಲೆ ನಿಂತಿದ್ದ ಅತ್ತಿಗೆಗೆ ಕೇಳುವಂತೆ ಹೇಳಿದಳು:

"ಬಾಟ್ಲಿಗೆ ದೃಷ್ಟಿ ತೆಗೆದ್ರಿ. ನನಗೆ ತಾಗಿದ್ದನ್ನ ಯಾರು ತೆಗೀತಾರೆ?"

ಅದಕ್ಕೆ ಏಣಿಯಲ್ಲಿ ಮೆಟ್ಟಿಲಿರಲಿಲ್ಲ. ಅತ್ತಿಗೆ ಕೆಳಗಿಳಿದು ಬಂದರು, ಬೆಲ್ಟಿನ ಆಚೆ ಹೋಗಿ ನಾದಿನಿಯ ಪಕ್ಕದಲ್ಲಿ ನಿಂತರು, ಪಾಳಿ ಬಿಡುವವರೆಗೂ ಅವಳೊಡನೆ ಡಬ್ಬಕ್ಕೆ ಸೀಸೆ ಜೋಡಿಸಿದರು. ಆ ಸಾಲಿನಲ್ಲಿ ಅಂಥ ದೃಶ್ಯವನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಲೇಬಲಿನವರು ಎರಡು ಸಲ ಬಂದು ನೋಡಿ ಹೋದರು.

ಇಷ್ಟು ಹೇಳಿ ಚಹಾದವರು ಮಾತು ನಿಲ್ಲಿಸುತ್ತಾರೆ. ಕ್ಯಾಂಟೀನಿನಲ್ಲಿ ಬೆಳಗಿನ ಪಾಳಿಯವರು ಏಳೆಂಟು ಜನ ಕೂತಿದ್ದಾರೆ. ಅತ್ತಿಗೆಯೂ ಇದ್ದಾರೆ, ಗೋಡೆಗೊರಗಿ. ಪಕ್ಕದಲ್ಲಿ ನಾದಿನಿ, ತೊಡೆಯ ಮೇಲೆ ಇಬ್ಬರ ಚೀಲ.

"ಇಷ್ಟೆಲ್ಲಾ ಮಾಡಿದ್ರಲ್ಲ ಅತ್ತಿಗೆ," ಚಹಾದವರು ಕೇಳುತ್ತಾರೆ, "ನಿಮಗೇನು ಬೇಕು ಅಂತ ಯಾರಾದ್ರೂ ಕೇಳಿದ್ರಾ?"

"ಕೇಳಿದ್ರೆ ಹೇಳ್ತಿದ್ದೆ. ಪೆಟ್ಟಿಗೆ ನಿಲ್ಲಬಾರದು, ನಾನು ಒಂದು ದಿನ ನಿಲ್ಲಬೇಕು. ಅಷ್ಟೇ."

"ನಾಳೆ ರಜ ಹಾಕಿ" ಎನ್ನುತ್ತಾಳೆ ನಾದಿನಿ. "ಅಡುಗೆ ನಾನು ಮಾಡಿಟ್ಟು ಬರ್ತೀನಿ. ಬಟ್ಟೆ ಗಿಟ್ಟೆ ಒಗೆಯೋಕೆ ಕೂತ್ಕೊಂಡ್ರೆ ಮಾತ್ರ ನೋಡಿ ಮತ್ತೆ. ಮಲಗೋದು, ಅಷ್ಟೇ. ಕೇಳಿಸ್ತಾ ಅತ್ತಿಗೆ?"

ಅತ್ತಿಗೆ ಕೂತಲ್ಲೇ, ಬಾಯಿ ತುಸು ತೆರೆದು, ನಿದ್ದೆ ಹೋಗಿದ್ದಾರೆ. ಹೊರಗೆ ಬಸ್ಸು ಬಂದು ಹಾರ್ನ್ ಹಾಕುತ್ತದೆ.

"ನೀವೆಲ್ಲಾ ಹೋಗಿ" ಎಂದು ನಾದಿನಿ ಮೆಲ್ಲಗೆ ಹೇಳುತ್ತಾಳೆ. "ನಾವು ಇನ್ನೊಂದಕ್ಕೆ ಬರ್ತೀವಿ."

ಕೇಳುತ್ತಿದ್ದವರು ಬೆಂಚು ಎಳೆದ ಸದ್ದಾಗದಂತೆ ಒಬ್ಬೊಬ್ಬರಾಗಿ ಎದ್ದು, ಲೋಟಗಳನ್ನು ತೊಟ್ಟಿಯ ಪಕ್ಕ ಮೆತ್ತಗಿಟ್ಟು, ಮನೆಗೆ ಹೊರಡುತ್ತಾರೆ.